ಹತ್ತು ಮ್ಯಾಚ್ ಸೋತು ಚಾಂಪಿಯನ್ ಆದ ವರ್ಷ: ಕೋಚ್ ಪ್ಯಾಟ್ ಸಮ್ಮಿಟ್ ಬಗ್ಗೆ ಮಾತಾಡೋಣ

ಹಿತ್ತಲ ಹೂಪ್:

ಪ್ಯಾಟ್ ಸಮ್ಮಿಟ್ ಹೆಸರು ತೆಗೆದರೆ ಸಾಕು, ಎಲ್ಲರೂ ಲೆಕ್ಕ ಶುರು ಮಾಡುತ್ತಾರೆ. 38 ಸೀಸನ್, 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ 'ಲೇಡಿ ವಾಲ್ಸ್' ಅವರ ಕೈಯಲ್ಲಿದ್ದಷ್ಟು ಕಾಲ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಲಿಲ್ಲ. ಆಮೇಲೆ 1997-98ರ 39-0 ಬರುತ್ತದೆ, ಅಂದರೆ 39 ಗೆಲುವು, ಒಂದೂ ಸೋಲಿಲ್ಲ. ಅಲ್ಲಿಗೆ ಮಾತು ಮುಗಿಯುತ್ತದೆ.

ನನಗೆ ಅದರ ಹಿಂದಿನ ವರ್ಷದ ಮೇಲೆ ಪ್ರೀತಿ ಜಾಸ್ತಿ.

1996ರಲ್ಲಿ ಪ್ರಶಸ್ತಿ ಗೆದ್ದ ಮೇಲೆ ಮಿಷೆಲ್ ಮಾರ್ಸಿನಿಯಾಕ್ ಥರದ ಹಿರಿಯರು ಓದು ಮುಗಿಸಿ ಹೊರಟರು. ಹೊಸ ಸೀಸನ್ ಶುರುವಾಗುವ ಮೊದಲೇ ಪಾಯಿಂಟ್ ಗಾರ್ಡ್ (ಚೆಂಡು ಹಿಡಿದು ಆಟ ನಡೆಸುವವರು) ಕೆಲ್ಲಿ ಜಾಲಿಯವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ದೊಡ್ಡ ಸ್ಕೋರರ್ ಚಮೀಕ್ ಹೋಲ್ಡ್ಸ್‌ಕ್ಲಾ ಇದ್ದರು, ನಿಜ. ಒಬ್ಬರೇ ಎಷ್ಟು ಅಂತ ಎಳೆಯುತ್ತಾರೆ? ಜನವರಿ ಹೊತ್ತಿಗೆ ತಂಡದ ಲೆಕ್ಕ 10-6. ಬೇರೆ ಕಾಲೇಜಿಗೆ ಅದು ಪರವಾಗಿಲ್ಲ ಅನ್ನುವ ಲೆಕ್ಕ. ಟೆನೆಸೀಯಲ್ಲಿ ಅದು ಸೂತಕ.

ರಾಷ್ಟ್ರೀಯ ಪ್ರಶಸ್ತಿಯ ಹಾದಿಯಲ್ಲಿ 1997ರ ಮಾರ್ಚ್ 24ರಂದು ಎದುರಿಗೆ ಬಂದದ್ದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ. ಆವತ್ತಿನವರೆಗೆ 33-0. ಜನವರಿಯಲ್ಲಿ ಇದೇ ಟೆನೆಸೀಯನ್ನು ಅವರ ಅಂಗಳದಲ್ಲೇ ಸೋಲಿಸಿ ಹೋಗಿದ್ದ ತಂಡ. ಟೆನೆಸೀ 91-81ರಲ್ಲಿ ಗೆದ್ದಿತು. ಆರು ದಿನ ಬಿಟ್ಟು ಸಿನ್ಸಿನಾಟಿಯಲ್ಲಿ ಫೈನಲ್. ಎದುರಾಳಿ ಓಲ್ಡ್ ಡೊಮಿನಿಯನ್. ಅವರೂ ಆ ಸೀಸನ್‌ನಲ್ಲಿ ಟೆನೆಸೀಗೆ ಒಮ್ಮೆ ಸೋಲು ಉಣಿಸಿದ್ದವರೇ. ಫಲಿತಾಂಶ 68-59. ವರ್ಷದ ಒಟ್ಟು ಲೆಕ್ಕ 29-10. ಅಷ್ಟು ಸೋತ ಯಾವ ಮಹಿಳಾ ತಂಡವೂ ಅಲ್ಲಿಯವರೆಗೆ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪ್ರಶಸ್ತಿ ಎತ್ತಿರಲಿಲ್ಲ.

ಒಳ್ಳೆಯ ಆಟಗಾರ್ತಿಯರು ತುಂಬಿರುವ ತಂಡವನ್ನು ಗೆಲ್ಲಿಸುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಆದರೆ ಡಿಸೆಂಬರ್‌ನಲ್ಲಿ ಒಡೆದು ಬಿದ್ದ ತಂಡವನ್ನು ಮಾರ್ಚ್ ಹೊತ್ತಿಗೆ ಕಟ್ಟಿ ನಿಲ್ಲಿಸುವುದರಲ್ಲಿ ಕೋಚ್‌ನ ಕೈ ಕಾಣುತ್ತದೆ. ಅವರ ಇಡೀ ವೃತ್ತಿಯಲ್ಲಿ ನನಗೆ ಇದೇ ದೊಡ್ಡದು. ನೀವೆಲ್ಲ ಏನಂತೀರಿ?

ಪಾಯಿಂಟ್ ಗಾರ್ಡ್ 11:

ಒಪ್ಪಲ್ಲ ಸರ್. 39-0 ಅನ್ನು ಇಷ್ಟು ಬೇಗ ಪಕ್ಕಕ್ಕಿಟ್ಟರೆ ಹೇಗೆ?

ಆ ತಂಡದಲ್ಲಿ ಟಮೀಕಾ ಕ್ಯಾಚಿಂಗ್ಸ್, ಸೆಮೀಕಾ ರ‍್ಯಾಂಡಲ್ ಇಬ್ಬರೂ ಮೊದಲ ವರ್ಷದ ಹುಡುಗಿಯರು. ಹೈಸ್ಕೂಲಿನಲ್ಲಿ ರಾಣಿಯರ ಹಾಗೆ ಇದ್ದವರು. ಅಲ್ಲಿ ಚೆಂಡು ಯಾವಾಗಲೂ ಅವರ ಕೈಯಲ್ಲೇ. ಇಲ್ಲಿ ಬಂದರೆ ಹೋಲ್ಡ್ಸ್‌ಕ್ಲಾ ಆಗಲೇ ಇದ್ದಾರೆ. ಇರುವುದು ಒಂದೇ ಚೆಂಡು. ಮೂವರ ಹೆಸರೂ 'ಮೀಕ್' ಅಂತ ಬರುವುದರಿಂದ 'ಮೂರು ಮೀಕ್‌ಗಳು' ಅಂತ ಕರೆದರು. ಕೇಳೋಕೆ ಚೆಂದ. ಆದರೆ ಮೂವರು ದೊಡ್ಡ ಸ್ಕೋರರ್‌ಗಳನ್ನು ಒಂದೇ ಕೋರ್ಟಿನಲ್ಲಿ ಇಟ್ಟು, ಯಾರಿಗೂ ಮುನಿಸು ಬರದ ಹಾಗೆ ಓಡಿಸುವುದು ಎಂಥ ಕೆಲಸ ಅಂತ ತಂಡದಲ್ಲಿ ಆಡಿದವರಿಗೆ ಗೊತ್ತು.

ಇನ್ನೊಂದು ವಿಷಯ. ಎಲ್ಲ ಮ್ಯಾಚೂ ಸಲೀಸಾಗಿ ಗೆದ್ದರು ಅಂತ ಜನ ಅಂದುಕೊಂಡಿದ್ದಾರೆ. ಫೈನಲ್ ಫೋರ್‌ಗೆ, ಅಂದರೆ ಕೊನೆಯ ನಾಲ್ಕು ತಂಡಗಳ ಸುತ್ತಿಗೆ, ಹೋಗುವ ಮ್ಯಾಚ್‌ನಲ್ಲಿ ನಾರ್ತ್ ಕೆರೊಲಿನಾ ಎದುರು ದ್ವಿತೀಯಾರ್ಧದಲ್ಲಿ 12 ಪಾಯಿಂಟ್ ಹಿಂದೆ ಬಿದ್ದಿದ್ದರು. ಅಲ್ಲಿಂದ ಎದ್ದು 76-70. ಒಂದೂ ಸೋಲದೆ ಬಂದ ತಂಡಕ್ಕೆ ಆ ಹೊತ್ತಿನಲ್ಲಿ ಕೈಕಾಲು ನಡುಗುತ್ತದೆ. ನಡುಗದ ಹಾಗೆ ನೋಡಿಕೊಂಡರಲ್ಲ, ಅದು ಕೋಚ್ ಕೆಲಸ ಅಲ್ವಾ?

ಹೊಸಬ:

ಇವರ ಬಗ್ಗೆ ನಾನು ಓದಲು ಶುರು ಮಾಡಿದ್ದೇ ಈ ವಾರ. 22ನೇ ವಯಸ್ಸಿಗೆ ಮುಖ್ಯ ಕೋಚ್ ಆದರು ಅಂತ ಇದೆ. ಅದು ನಿಜಾನಾ? 22ಕ್ಕೆ ಯಾರು ತಂಡ ಕೊಡುತ್ತಾರೆ?

ಮೂರನೇ ಸಾಲು:

ನಿಜ. ಕೊಟ್ಟಿದ್ದು ಯಾಕೆ ಅಂದರೆ, ಆಗ ಅದನ್ನು ಯಾರೂ ದೊಡ್ಡ ಕೆಲಸ ಅಂತ ಎಣಿಸಿರಲಿಲ್ಲ.

1974. ಪ್ಯಾಟ್ ಆಗ ತಾನೇ ಡಿಗ್ರಿ ಮುಗಿಸಿ, ಎಂ.ಎ. ಥರದ ಮೇಲಿನ ಓದಿಗೆ ಟೆನೆಸೀಗೆ ಬಂದಿದ್ದರು. ಸಹಾಯಕಿಯಾಗಿ ಇರಬೇಕಿತ್ತು. ಇದ್ದ ಕೋಚ್ ರಜೆ ಹಾಕಿ ಹೋದರು, ತಂಡ ಇವರ ತಲೆಗೆ ಬಂತು. ತಿಂಗಳಿಗೆ 250 ಡಾಲರ್. ತಂಡದ ಹುಡುಗಿಯರಲ್ಲಿ ನಾಲ್ವರು ಇವರಿಗಿಂತ ಒಂದೇ ವರ್ಷ ಚಿಕ್ಕವರು. ಅದಕ್ಕೇ 'ಕೋಚ್' ಅಂತ ಕರೆಸಿಕೊಳ್ಳಲಿಲ್ಲ. ಎಲ್ಲರೂ 'ಪ್ಯಾಟ್' ಅಂತಲೇ ಕರೆದರು. 1,098ನೇ ಗೆಲುವಿನವರೆಗೂ ಆಟಗಾರ್ತಿಯರ ಬಾಯಲ್ಲಿ ಅವರು ಪ್ಯಾಟ್ ಅಷ್ಟೇ.

ವ್ಯಾನ್ ಓಡಿಸಿದ್ದು ಅವರೇ. ಮ್ಯಾಚ್ ಮುಗಿದ ಮೇಲೆ ಯೂನಿಫಾರ್ಮ್ ಒಗೆದದ್ದೂ ಅವರೇ. ಆ ಯೂನಿಫಾರ್ಮ್‌ಗೆ ದುಡ್ಡು ಬಂದದ್ದು ಡೋನಟ್ ಮಾರಿ. ಇದನ್ನು ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ವ್ಯಾನ್. ಹಿಂದಿನ ಸೀಟುಗಳಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಸ್ಟೀರಿಂಗ್ ಹಿಡಿದವರಿಗೆ ವಯಸ್ಸು 22. ಬೆಳಗ್ಗೆ ಎದ್ದು ಪಾಠ ಮಾಡಬೇಕು, ತಮ್ಮ ಓದೂ ಓದಬೇಕು, ಸಂಜೆ ಪ್ರಾಕ್ಟೀಸ್ ಮಾಡಿಸಬೇಕು. ಅದರ ಜೊತೆಗೆ ತಮ್ಮದೇ ಮೊಣಕಾಲಿನ ವ್ಯಾಯಾಮ. ಯಾಕೆಂದರೆ 1974ರ ಜನವರಿಯಲ್ಲಿ, ಕಾಲೇಜಿನ ಕೊನೆಯ ವರ್ಷ ಆಡುವಾಗ, ಅವರದೂ ಲಿಗಮೆಂಟ್ ಹರಿದಿತ್ತು. ಒಲಿಂಪಿಕ್ಸ್‌ನಲ್ಲಿ ಆಡಬೇಕು ಅಂತ ಹಟ.

ಮೊದಲ ಮ್ಯಾಚ್ ಸೋತರು. ಮರ್ಸರ್ ಎದುರು 84-83, ಒಂದೇ ಪಾಯಿಂಟಲ್ಲಿ. ಸೀಸನ್ 16-8ಕ್ಕೆ ಮುಗಿಯಿತು.

ಹಟವೂ ಗೆದ್ದಿತು. 1976ರ ಮಾಂಟ್ರಿಯಲ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಅಮೆರಿಕ ತಂಡದ ಸಹನಾಯಕಿ ಇವರು. ಬೆಳ್ಳಿ ಸಿಕ್ಕಿತು. ಎಂಟು ವರ್ಷ ಬಿಟ್ಟು ಲಾಸ್ ಏಂಜಲಿಸ್‌ನಲ್ಲಿ ಅದೇ ದೇಶಕ್ಕೆ ಕೋಚ್ ಆಗಿ ಚಿನ್ನ.

ಹೂಪ್ ಅವರೇ, 1997 ದೊಡ್ಡದು, 1998 ದೊಡ್ಡದು ಅನ್ನುವ ನಿಮ್ಮ ಚರ್ಚೆ ನಡೆಯಲಿ. ನನ್ನ ಓಟು ಮಾತ್ರ 1974ಕ್ಕೆ.

ಪಿ.ಟಿ. ಮೇಡಂ:

ನಾನು ಮೂವತ್ತು ವರ್ಷದಿಂದ ಶಾಲೆಯ ಹುಡುಗಿಯರಿಗೆ ಆಟ ಕಲಿಸುತ್ತಿದ್ದೇನೆ. ಪ್ಯಾಟ್ ಮಾಡಿದ ಒಂದು ಕೆಲಸದ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬಂದೆ.

ಟೆನೆಸೀಯ ಹೈಸ್ಕೂಲುಗಳಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನಾವು ಆಡುವ ಥರ ಇರಲಿಲ್ಲ. ತಂಡಕ್ಕೆ ಆರು ಜನ. ಮೂವರು ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ. ನಡುಗೆರೆ ದಾಟುವಂತಿಲ್ಲ. ಈ ಕಡೆಯವರು ಬರೀ ಬಾಸ್ಕೆಟ್‌ಗೆ ಹಾಕಬೇಕು, ಆ ಕಡೆಯವರು ಬರೀ ತಡೆಯಬೇಕು. ಗಾರ್ಡ್ ಆಗಿ, ಅಂದರೆ ತಡೆಯುವವಳಾಗಿ, ಸೇರಿದ ಹುಡುಗಿ ಹೈಸ್ಕೂಲು ಮುಗಿಯುವವರೆಗೆ ಮ್ಯಾಚ್‌ನಲ್ಲಿ ಒಂದು ಶಾಟ್ ಕೂಡ ಹಾಕದೆ ಹೋಗಬಹುದಿತ್ತು. ಹುಡುಗಿಯರ ಮೈಗೆ ಇಡೀ ಕೋರ್ಟ್ ಓಡುವ ತಾಕತ್ತಿಲ್ಲ ಅನ್ನುವುದು ಹಳಬರ ನಂಬಿಕೆ.

ಇಂಥ ಹುಡುಗಿ ಕಾಲೇಜಿಗೆ ಬಂದರೆ ಅರ್ಧ ಆಟ ಮಾತ್ರ ಗೊತ್ತಿರುತ್ತದೆ. ಪ್ಯಾಟ್ ಸ್ವತಃ ಅದೇ ಆಟ ಆಡಿ ಬೆಳೆದವರು. ಹಾಗಾಗಿ ಸುಮ್ಮನಿರಲಿಲ್ಲ. ನಿಯಮ ಬದಲಾಗುವವರೆಗೆ ನಮ್ಮದೇ ರಾಜ್ಯದ ಹುಡುಗಿಯರನ್ನು ತಂಡಕ್ಕೆ ತೆಗೆದುಕೊಳ್ಳುವುದು ಕಷ್ಟ ಅಂತ ಬಾಯಿಬಿಟ್ಟು ಹೇಳಿದರು. ಸ್ವಂತ ರಾಜ್ಯದಲ್ಲಿ ಹಾಗೆ ಹೇಳಿದರೆ ಜನ ಬಿಡುತ್ತಾರಾ? ಬೈಸಿಕೊಂಡರು. 1979ರಲ್ಲಿ ಟೆನೆಸೀ ಐದು ಜನರ ಪೂರ್ತಿ ಕೋರ್ಟ್ ಆಟಕ್ಕೆ ಬಂತು. ಅಯೊವಾ ರಾಜ್ಯ 1993ರವರೆಗೆ ಆರು ಜನರ ಆಟ ಬಿಟ್ಟಿರಲಿಲ್ಲ. ಒಕ್ಲಹೋಮಾ 1995ರವರೆಗೆ.

ಅವರ ತಂಡಕ್ಕೆ ಬರದ, ಅವರನ್ನು ಒಮ್ಮೆಯೂ ನೋಡದ ಎಷ್ಟೋ ಹುಡುಗಿಯರು ಆಮೇಲೆ ಆ ನಡುಗೆರೆ ದಾಟಿ ಓಡಿದರು. ಇದನ್ನು ಯಾವ ಅಂಕಿಯಲ್ಲಿ ಹಾಕೋಣ ಹೇಳಿ?

ಹಿತ್ತಲ ಹೂಪ್:

ಮೇಡಂ, ಗಾರ್ಡ್ ಶಾಟ್ ಹಾಕದೇ ಶಾಲೆ ಮುಗಿಸುತ್ತಿದ್ದಳು ಅನ್ನುವ ಮಾತು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಬೆಂಚ್ ಮೇಲಿದ್ದವಳು:

ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಒಂದು ಅಳುಕಿದೆ, ಹೇಳಿಬಿಡುತ್ತೇನೆ.

ಪ್ಯಾಟ್ ಅವರ ನೋಟದ ಬಗ್ಗೆ ಎಲ್ಲರೂ ಬರೆಯುತ್ತಾರೆ. ತಪ್ಪು ಮಾಡಿದ ಹುಡುಗಿಯನ್ನು ಆ ತಿಳಿ ನೀಲಿ ಕಣ್ಣಿನಲ್ಲಿ ನೆಟ್ಟು ನೋಡಿದರೆ ಮುಗಿಯಿತು. ಕೂಗಾಟ, ಉಸಿರು ಕಟ್ಟುವಷ್ಟು ಓಟ. ಮೊದಲ ವರ್ಷ ಅವರು ಮಾಡಿಸಿದ ಓಟಕ್ಕೆ ಹೆದರಿ ಕೆಲವು ಹುಡುಗಿಯರು ಓಡುತ್ತಾ ಓಡುತ್ತಾ ಬಾಗಿಲಿನಿಂದ ಹೊರಗೇ ಹೋದರು, ಮತ್ತೆ ಬರಲೇ ಇಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ.

ನನ್ನ ಕಾಲೇಜು ತಂಡದ ಕೋಚ್ ಕೂಡ ಕಟ್ಟುನಿಟ್ಟು ಅಂತ ಹೆಸರು ಮಾಡಿದ್ದರು. ಎರಡು ವರ್ಷ ಬೈಸಿಕೊಂಡೆ. ನಾನು ಏನು ಓದುತ್ತಿದ್ದೇನೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಕಣಕಾಲು ಉಳುಕಿದ ದಿನ 'ನಾಟಕ ಬೇಡ' ಅಂದರು. ಆವತ್ತೇ ಬಿಟ್ಟೆ. ಇವತ್ತಿಗೂ ಚೆಂಡು ಪುಟಿಯುವ ಸದ್ದು ಕೇಳಿದರೆ ಹೊಟ್ಟೆ ಹಿಂಡುತ್ತದೆ. ಅದಕ್ಕೇ ಕೇಳುವುದು. ಗೆದ್ದರು ಅನ್ನುವ ಕಾರಣಕ್ಕೆ ಬೈಗುಳವನ್ನು ನಾವು ಶಿಸ್ತು ಅಂತ ಕರೆಯುತ್ತಿದ್ದೇವಾ?

ಮೂರನೇ ಸಾಲು:

ಅಕ್ಕ, ನಿಮಗೆ ಆದದ್ದು ತಪ್ಪೇ. ಅದಕ್ಕೆ ಬೇರೆ ಮಾತಿಲ್ಲ.

ನನ್ನ ಹೆಸರು ಯಾಕೆ 'ಮೂರನೇ ಸಾಲು' ಅಂತ ಹೇಳುತ್ತೇನೆ. ಪ್ಯಾಟ್ ತಂಡದ ಹುಡುಗಿಯರು ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕಿತ್ತು. ಹಿಂದಿನ ಬೆಂಚಿಗೆ ಹೋಗುವಂತಿಲ್ಲ. ತರಗತಿ ತಪ್ಪಿಸಿದರೆ ಮ್ಯಾಚ್ ಇಲ್ಲ. ಸ್ಟಾರ್ ಆಟಗಾರ್ತಿಗೂ ಅದೇ. ಟೆನೆಸೀಯಲ್ಲಿ ಪೂರ್ತಿ ಅವಧಿ ಆಡಿದ ಅವರ ಆಟಗಾರ್ತಿಯರು ಎಲ್ಲರೂ ಡಿಗ್ರಿ ಮುಗಿಸಿದರು. 38 ವರ್ಷ. ಅವರಲ್ಲಿ ಒಬ್ಬರೂ ಓದು ಅರ್ಧಕ್ಕೆ ಬಿಡಲಿಲ್ಲ.

ನಿಮ್ಮ ಕೋಚ್‌ಗೆ ನೀವು ಏನು ಓದುತ್ತಿದ್ದೀರಿ ಅಂತ ಗೊತ್ತಿರಲಿಲ್ಲ. ಇವರಿಗೆ ಯಾವ ಹುಡುಗಿ ಯಾವ ಸಾಲಿನಲ್ಲಿ ಕೂತಿದ್ದಾಳೆ ಅಂತ ಗೊತ್ತಿತ್ತು. ಮನೆಗೆ ಕರೆದು ಕೈಯಾರೆ ಅಡುಗೆ ಮಾಡಿ ಹಾಕುತ್ತಿದ್ದರು. ಹಾಗಂತ ಬೈದದ್ದೆಲ್ಲ ಸರಿ ಅಂತ ನಾನು ಅನ್ನುವುದಿಲ್ಲ.

ಪಿ.ಟಿ. ಮೇಡಂ:

ಬೆಂಚ್ ಮೇಲಿದ್ದವಳಿಗೆ: ನಾನೂ ಮೊದಲು ಜಾಸ್ತಿ ಕೂಗುತ್ತಿದ್ದೆ ತಾಯಿ. ಕೂಗಿದರೆ ಆ ಕ್ಷಣಕ್ಕೆ ಕೆಲಸ ಆಗುತ್ತದೆ. ಆಮೇಲೆ ಹುಡುಗಿ ಚೆಂಡು ಬಿಟ್ಟು ನನ್ನ ಮುಖ ನೋಡುತ್ತಾ ಆಡಲು ಶುರು ಮಾಡುತ್ತಾಳೆ. ಅದು ಅರ್ಥವಾಗಲು ನನಗೆ ಹತ್ತು ವರ್ಷ ಹಿಡಿಯಿತು. ನೀವು ಆಟ ಬಿಟ್ಟದ್ದಕ್ಕೆ ನಿಮ್ಮ ಮೇಲೆ ತಪ್ಪು ಹೊರಿಸಿಕೊಳ್ಳಬೇಡಿ.

ಪಾಯಿಂಟ್ ಗಾರ್ಡ್ 11:

ವಿಮಾನದ ಕಥೆ ಯಾರೂ ಹೇಳಲಿಲ್ಲವಲ್ಲ!

1990ರ ಸೆಪ್ಟೆಂಬರ್. ಪ್ಯಾಟ್ ತುಂಬು ಗರ್ಭಿಣಿ. ಆದರೂ ಒಬ್ಬ ಒಳ್ಳೆಯ ಆಟಗಾರ್ತಿಯನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾಗೆ ಹೋದರು. ಆ ಹುಡುಗಿ ಮಿಷೆಲ್ ಮಾರ್ಸಿನಿಯಾಕ್, ಹೂಪ್ ಸರ್ ಮೇಲೆ ಬರೆದ ಅದೇ ಮಾರ್ಸಿನಿಯಾಕ್. ಅವರ ಮನೆಯ ಸೋಫಾ ಮೇಲೆ ಕೂತು ಮಾತಾಡುವಾಗಲೇ ಹೆರಿಗೆ ನೋವು ಶುರುವಾಯಿತು. ಅಲ್ಲಿಂದ ಎದ್ದು ವಿಮಾನ ಹತ್ತಿದರು. ನೋವು ಜಾಸ್ತಿಯಾದಾಗ ಪೈಲಟ್‌ಗಳು ವರ್ಜೀನಿಯಾದಲ್ಲಿ ಇಳಿಸೋಣ ಅಂದರು. ಬೇಡವೇ ಬೇಡ ಅಂದರು ಪ್ಯಾಟ್. ಮಗು ಟೆನೆಸೀಯಲ್ಲೇ ಹುಟ್ಟಬೇಕು. ಅದೂ ಅಲ್ಲದೆ ಅದೇ ವರ್ಷ ಮಾರ್ಚ್‌ನಲ್ಲಿ ವರ್ಜೀನಿಯಾ ತಂಡ ಇವರನ್ನು ಸೋಲಿಸಿತ್ತು. ಆ ವರ್ಷದ ಫೈನಲ್ ಫೋರ್ ನಡೆದದ್ದು ಟೆನೆಸೀಯ ಸ್ವಂತ ಊರು ನಾಕ್ಸ್‌ವಿಲ್‌ನಲ್ಲಿ. ಊರಲ್ಲೇ ಹಬ್ಬ, ಮನೆಯವರಿಗೇ ಊಟ ಇಲ್ಲ ಅನ್ನುವ ಹಾಗಾಗಿತ್ತು. ಆ ಉರಿ ಇನ್ನೂ ಆರಿರಲಿಲ್ಲ.

ಮಗ ಟೈಲರ್ ಟೆನೆಸೀಯಲ್ಲೇ ಹುಟ್ಟಿದ. ಮುಂದಿನ ಮಾರ್ಚ್‌ನಲ್ಲಿ ಫೈನಲ್‌ಗೆ ಬಂದವರು ಯಾರು ಗೊತ್ತಾ? ವರ್ಜೀನಿಯಾ. ಹೆಚ್ಚುವರಿ ಸಮಯಕ್ಕೆ ಹೋಗಿ 70-67ರಲ್ಲಿ ಟೆನೆಸೀ ಗೆದ್ದಿತು.

ಮಾರ್ಸಿನಿಯಾಕ್ ಮೊದಲು ನೋಟ್ರೆ ಡೇಮ್ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಮನಸ್ಸು ಬದಲಿಸಿ ಟೆನೆಸೀಗೆ ಬಂದು 1996ರಲ್ಲಿ ಪ್ರಶಸ್ತಿ ಗೆದ್ದರು. ಸೋಫಾ ಮೇಲಿನ ಆ ಮಾತುಕತೆಗೆ ಫಲ ಬರಲು ಆರು ವರ್ಷ.

ಹೊಸಬ:

ಈಗ ಅವರ 1,098 ದಾಖಲೆಯಾಗಿ ಉಳಿದಿಲ್ಲ ಅಲ್ವಾ? ಬೇರೆಯವರು ದಾಟಿದ್ದಾರೆ ಅಂತ ಓದಿದೆ.

ಹಿತ್ತಲ ಹೂಪ್:

ಹೌದು. ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್‌ವೀರ್ 2020ರ ಡಿಸೆಂಬರ್‌ನಲ್ಲಿ 1,099 ಮಾಡಿದರು. 2024ರಲ್ಲಿ 1,216 ಗೆಲುವಿನೊಂದಿಗೆ ನಿವೃತ್ತಿಯಾದರು. ಅದೇ ವರ್ಷ ನವೆಂಬರ್‌ನಲ್ಲಿ ಕನೆಕ್ಟಿಕಟ್‌ನ ಜೀನೊ ಔರಿಯಮ್ಮ ಅದನ್ನೂ ದಾಟಿದರು. ಪ್ಯಾಟ್ ತಮ್ಮ ಕಾಲದಲ್ಲಿ ಪುರುಷರ ತಂಡದ ಕೋಚ್ ಡೀನ್ ಸ್ಮಿತ್ ಅವರ 879 ಗೆಲುವನ್ನು 2005ರಲ್ಲಿ ದಾಟಿದ್ದರು. ದಾಖಲೆ ಇರುವುದೇ ದಾಟೋಕೆ, ನನಗೆ ಬೇಜಾರಿಲ್ಲ.

ಆದರೆ ಒಂದು ಹೇಳಬೇಕು. 1998 ಆದ ಮೇಲೆ ಒಂಬತ್ತು ವರ್ಷ ಟೆನೆಸೀಗೆ ಪ್ರಶಸ್ತಿ ಇರಲಿಲ್ಲ. 2000, 2003, 2004, ಮೂರು ಸಲ ಫೈನಲ್‌ನಲ್ಲಿ ಸೋತದ್ದು ಜೀನೊ ಅವರ ತಂಡಕ್ಕೇ. ಇವರ ಕಾಲ ಮುಗಿಯಿತು ಅಂದವರು ತುಂಬಾ ಜನ. 2007ರಲ್ಲಿ ಕ್ಯಾಂಡೇಸ್ ಪಾರ್ಕರ್ ಇದ್ದ ತಂಡದೊಂದಿಗೆ ಗೆದ್ದರು, 2008ರಲ್ಲಿ ಮತ್ತೆ. 2008ರ ಫೈನಲ್‌ನಲ್ಲಿ ಎದುರಿಗಿದ್ದದ್ದು ವ್ಯಾನ್‌ಡರ್‌ವೀರ್ ಅವರ ಸ್ಟ್ಯಾನ್‌ಫರ್ಡ್, 64-48. ಐವತ್ತು ದಾಟಿದ ಮೇಲೆ, ಮೊದಲ ಬ್ಯಾಚಿನ ಹುಡುಗಿಯರ ಮಕ್ಕಳ ವಯಸ್ಸಿನವರ ಜೊತೆ ಮತ್ತೆ ಮೇಲೆ ಬರುವುದು ಸಣ್ಣ ಮಾತಲ್ಲ.

ಅಮ್ಮನ ಮಗಳು:

ನಾನು ಬ್ಯಾಸ್ಕೆಟ್‌ಬಾಲ್ ನೋಡಿದವಳಲ್ಲ. ಅಮ್ಮನಿಗೆ ಅಲ್ಜೈಮರ್ (ಮರೆವಿನ ಕಾಯಿಲೆ) ಅಂತ ಗೊತ್ತಾದಾಗ ಹುಡುಕುತ್ತಾ ಹೋಗಿ ಈ ಹೆಸರು ಸಿಕ್ಕಿತು.

2011ರ ಮೇ ತಿಂಗಳಲ್ಲಿ ಪ್ಯಾಟ್ ಮೇಯೋ ಕ್ಲಿನಿಕ್ ಆಸ್ಪತ್ರೆಗೆ ಹೋದರು. ಆಗಸ್ಟ್‌ನಲ್ಲಿ ಎಲ್ಲರಿಗೂ ಹೇಳಿದರು, ಚಿಕ್ಕ ವಯಸ್ಸಿಗೇ ಬರುವ ಅಲ್ಜೈಮರ್ ಅಂತ. 59 ವರ್ಷ. ಮುಚ್ಚಿಡಲಿಲ್ಲ. ಆಟಗಾರ್ತಿಯರನ್ನು ಕೂರಿಸಿಕೊಂಡು ತಾವೇ ಹೇಳಿದರು. ಆಮೇಲೂ ಒಂದು ಸೀಸನ್ ಪೂರ್ತಿ ಬೆಂಚಿನ ಹತ್ತಿರ ಇದ್ದರು. ಮ್ಯಾಚ್ ನಡೆಯುವಾಗ ಹೆಚ್ಚಿನ ಕೆಲಸ ಸಹಾಯಕಿ ಹಾಲಿ ವಾರ್ಲಿಕ್ ನೋಡಿಕೊಂಡರು. ವಾರ್ಲಿಕ್ ಎಪ್ಪತ್ತರ ದಶಕದಲ್ಲಿ ಪ್ಯಾಟ್ ಕೈಕೆಳಗೇ ಆಡಿದವರು.

ನಮ್ಮ ಮನೆಯಲ್ಲಿ ನಾವು ಎರಡು ವರ್ಷ ನೆಂಟರಿಗೂ ಹೇಳಿರಲಿಲ್ಲ. ಅಮ್ಮ ಒಂದೇ ಪ್ರಶ್ನೆ ನಾಲ್ಕು ಸಲ ಕೇಳಿದರೆ ಮಾತು ತಿರುಗಿಸುತ್ತಿದ್ದೆವು. ಅಮ್ಮನಿಗೂ ನಾಚಿಕೆ, ನಮಗೂ ನಾಚಿಕೆ. ಪ್ಯಾಟ್ ಅವರು ಸಾವಿರಾರು ಜನ ನೋಡುವ ಕಡೆ ನಿಂತಿರುವ ಚಿತ್ರ ನೋಡಿದ ಮೇಲೆ ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಈಗ ವಾರಕ್ಕೊಮ್ಮೆ ಚಿಕ್ಕಮ್ಮ ಬಂದು ಅಮ್ಮನ ತಲೆ ಬಾಚುತ್ತಾರೆ.

ಪ್ಯಾಟ್ 2012ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟರು. 2016ರ ಜೂನ್ 28ರಂದು ತೀರಿಕೊಂಡರು. 64 ವರ್ಷ ಆಗಿತ್ತು. ಗೆಲುವು ಸೋಲಿನ ವಿಷಯ ನನಗೆ ತಿಳಿಯದು. ಇಷ್ಟು ಬರೆಯಬೇಕು ಅನ್ನಿಸಿತು.

ಮೂರನೇ ಸಾಲು:

ಬರೆದದ್ದು ಒಳ್ಳೆಯದಾಯಿತು ಅಕ್ಕ. ಅಮ್ಮನನ್ನು ನೋಡಿಕೊಳ್ಳಿ. ನಿಮ್ಮನ್ನೂ ನೋಡಿಕೊಳ್ಳಿ.

ಹಿತ್ತಲ ಹೂಪ್:

ನಾನು ಯಾವ ಸೀಸನ್ ದೊಡ್ಡದು ಅಂತ ಶುರು ಮಾಡಿದೆ. ನೀವೆಲ್ಲ ಸೇರಿ ಎಲ್ಲೆಲ್ಲಿಗೋ ಕರೆದುಕೊಂಡು ಹೋದಿರಿ. ನನ್ನ ಓಟು ಇನ್ನೂ 1997ಕ್ಕೇ. ಆದರೆ ಈಗ ಕಾರಣ ಬೇರೆ.

ಮೊದಲು ನಾನು ಅದನ್ನು ತಂತ್ರದ ಗೆಲುವು ಅಂತ ನೋಡುತ್ತಿದ್ದೆ. ಡಿಫೆನ್ಸ್ ಗಟ್ಟಿ ಮಾಡಿದರು, ರೀಬೌಂಡ್ (ಬಾಸ್ಕೆಟ್‌ಗೆ ಬೀಳದೆ ಪುಟಿದು ಬಂದ ಚೆಂಡು) ಬಿಡಲಿಲ್ಲ ಅಂತ. ರೀಬೌಂಡೇ ಪ್ರಶಸ್ತಿ ತರುವುದು ಅನ್ನುವುದು ಅವರ ನಂಬಿಕೆ ಕೂಡ. ಅದೆಲ್ಲ ಸರಿ. ಆದರೆ ಮೂರನೇ ಸಾಲು ಬರೆದ ಮೊಣಕಾಲಿನ ಮಾತು ಓದಿದ ಮೇಲೆ ಕೆಲ್ಲಿ ಜಾಲಿ ನೆನಪಾದರು. 1996ರ ಶರತ್ಕಾಲದಲ್ಲಿ ಲಿಗಮೆಂಟ್ ಹರಿದ ಹುಡುಗಿ ಅದೇ ಸೀಸನ್‌ನ ಮಧ್ಯದಲ್ಲಿ ವಾಪಸ್ ಬಂದು ಚೆಂಡು ಹಿಡಿದಳು. ಬೆಂಚಿನಲ್ಲಿ ನಿಂತ ಕೋಚ್‌ಗೆ ಆ ನೋವು ಸ್ವಂತ ಮೊಣಕಾಲಿನಿಂದ ಗೊತ್ತಿತ್ತು. ಕೆಲ್ಲಿ 2019ರಲ್ಲಿ ಅದೇ ಟೆನೆಸೀ ತಂಡಕ್ಕೆ ಮುಖ್ಯ ಕೋಚ್ ಆದರು, ಐದು ಸೀಸನ್ ಇದ್ದರು. ಅವರು ನಿಂತ ಆ ಕೋರ್ಟಿನ ಹೆಸರು 'ದ ಸಮ್ಮಿಟ್'.

ಪಿ.ಟಿ. ಮೇಡಂ:

ಹೂಪ್ ಅವರೇ, ನಮ್ಮ ತಂಡದ ಹುಡುಗಿಯೊಬ್ಬಳಿಗೆ ಹೋದ ತಿಂಗಳು ಇದೇ ಲಿಗಮೆಂಟ್ ಆಪರೇಷನ್ ಆಯಿತು. ದಿನಾ ಫೋನ್ ಮಾಡಿ ಅಳುತ್ತಾಳೆ. ಕೆಲ್ಲಿ ಕಥೆ ಹೇಳೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ಅಷ್ಟು ಬೇಗ ಓಡಬೇಕು ಅಂತ ಇವಳು ಹಟ ಹಿಡಿದರೆ ಕಷ್ಟ. ಡಾಕ್ಟರ್ ಒಂಬತ್ತು ತಿಂಗಳು ಅಂದಿದ್ದಾರೆ.

ಪ್ಯಾಟ್ ಅವರದನ್ನು ಹೇಳುತ್ತೇನೆ. 1974ರಲ್ಲಿ ಗಾಯ, 1976ರಲ್ಲಿ ಒಲಿಂಪಿಕ್ಸ್. ನಡುವಿನ ಎರಡು ವರ್ಷ ವ್ಯಾನ್ ಓಡಿಸಿದರು, ಬಟ್ಟೆ ಒಗೆದರು ಅಂತಲೂ ಹೇಳುತ್ತೇನೆ. ಸೋಮವಾರ ಅವಳ ಮನೆಗೆ ಹೋಗುತ್ತಿದ್ದೇನೆ.